50 ಗುಂಡು ಹಾರಿಸಿ ಸರ್ಟಿಫಿಕೇಟ್ ಕೊಡೋರಿಗೆ

ಈಗಷ್ಟೇ ಇನ್ನೊಂದು ವಿಡಿಯೋ ನೋಡಿ ಮುಗಿಸಿದೆ. ಬಟ್ಟೆಯೊಳಗೆ ಅಡಗಿಸಿಟ್ಟುಕೊಳ್ಳೋ ಚಿಕ್ಕ ಪಿಸ್ತೂಲುಗಳಾದ ಗ್ಲಾಕ್ 43, ಸಿಗ್ ಪಿ365, ಶೀಲ್ಡ್ ಮೂರನ್ನೂ ಸಾಲಾಗಿಟ್ಟು, ತಲಾ 50 ಗುಂಡು ಹಾರಿಸಿ, "ಒಂದೂ ಜಾಮ್ ಆಗಲಿಲ್ಲ, ಕಣ್ಮುಚ್ಚಿ ತಗೊಳ್ಳಿ" ಅಂತ ತೀರ್ಪು! ಎಣ್ಣೆ ಸವರಿದ ಹೊಸ ಪಿಸ್ತೂಲು, ದುಂಡು ಮೂತಿಯ ಪ್ರಾಕ್ಟೀಸ್ ಗುಂಡು. ಇನ್ನೇನು, ಜಾರಿಕೊಂಡೇ ಹೋಗುತ್ತೆ. ಬಟ್ಟೆಯೊಳಗೆ ಇಟ್ಟು ಓಡಾಡೋದು ಹಾಲೋ ಪಾಯಿಂಟ್ (ಮೂತಿಯಲ್ಲಿ ಕುಳಿ ಇರೋ) ಗುಂಡು ತುಂಬಿ. ಅದರ ಅಗಲ ಮೂತಿ ಚೇಂಬರಿಗೆ (ಬ್ಯಾರೆಲ್ ಹಿಂದೆ ಗುಂಡು ಕೂರೋ ಗೂಡಿಗೆ) ಹತ್ತೋ ಇಳಿಜಾರಿಗೆ ಬಡಿದು ನಿಲ್ಲುತ್ತಾ ಅಂತ ನೋಡಿದೋರ‍್ಯಾರು?

ಪಿಸ್ತೂಲಿನ ಹೆಸರು ಬಿಡಿ ಮಾರಾಯ್ರೆ. ಪಿಸ್ತೂಲು, ಮ್ಯಾಗಜೀನ್ (ಹಿಡಿಯೊಳಗೆ ಕೂರೋ ಗುಂಡಿನ ಡಬ್ಬಿ), ಗುಂಡು, ಹಿಡಿಯೋ ಕೈ, ಈ ನಾಲ್ಕೂ ಒಟ್ಟಿಗೆ ಹೊಂದಬೇಕು. ಕೊಂಚ ದೊಡ್ಡದಾದ ಗ್ಲಾಕ್ 19ರ ಬ್ಯಾರೆಲ್ 4 ಇಂಚು, ಪಿ365ದು 3.1. ಹಾರೋದು ಅದೇ 9 ಎಂಎಂ ಗುಂಡು, ಆದರೆ ಚಿಕ್ಕದರಲ್ಲಿ ಸ್ಲೈಡ್ (ಪ್ರತಿ ಗುಂಡಿಗೂ ಹಿಂದೆ ಮುಂದೆ ಓಡೋ ಮೇಲ್ಭಾಗ) ಹಗುರ, ಓಟ ಗಿಡ್ಡ. ಅದು ಹಿಂದೆ ಹೋಗಿ ಬರೋದ್ರೊಳಗೆ ಮ್ಯಾಗಜೀನ್ ಸ್ಪ್ರಿಂಗ್ ಮುಂದಿನ ಗುಂಡನ್ನ ಮೇಲಕ್ಕೆ ತಂದಿರಬೇಕು. ಸ್ಪ್ರಿಂಗ್ ಸೋತಿದ್ರೆ ಸ್ಲೈಡ್ ಬರಿ ಚೇಂಬರ್ ಮೇಲೆ ಮುಚ್ಚಿಕೊಳ್ಳುತ್ತೆ. ಮಣಿಕಟ್ಟು ಸಡಿಲ ಬಿಟ್ರೆ ಸ್ಲೈಡ್ ಪೂರ್ತಿ ಹಿಂದಕ್ಕೇ ಹೋಗಲ್ಲ, ಹಾರಿದ ಗುಂಡಿನ ಖಾಲಿ ಕೇಸ್ (ಹಿಂದುಳಿಯೋ ಲೋಹದ ಕೋಶ) ಕೊಳವೆ ಥರ ನೆಟ್ಟಗೆ ಸಿಕ್ಕಿಕೊಳ್ಳುತ್ತೆ. ದೊಡ್ಡ ಪಿಸ್ತೂಲು ಸಹಿಸಿಕೊಳ್ಳೋ ತಪ್ಪನ್ನ ಚಿಕ್ಕದು ಸಹಿಸಲ್ಲ.

ಹೆಸರು ನಂಬೋರಿಗೆ ಇನ್ನೊಂದು ಮಾತು. 2018ರಲ್ಲಿ ಬಂದ ಮೊದಮೊದಲ ಪಿ365ಗಳಲ್ಲಿ ಸ್ಟ್ರೈಕರ್ (ಗುಂಡಿನ ಹಿಂಬದಿಗೆ ಬಡಿದು ಹಾರಿಸೋ ಕಡ್ಡಿ) ಮುರಿದ ದೂರುಗಳಿದ್ದವು, ಆಮೇಲೆ ಬಿಡಿಭಾಗ ಬದಲಾಯ್ತು. ಹೆಸರು ಅದೇ, ಮಾಲು ಬೇರೆ. (ಅಷ್ಟು ಸಣ್ಣ ಮೈಯಲ್ಲಿ 10 ಗುಂಡಿನ ಮ್ಯಾಗಜೀನ್ ಹಿಡಿಸಿದ್ದಕ್ಕೆ ನನಗೆ ಅದರ ಮೇಲೇ ಒಲವು. ಮುಚ್ಚಿಡೋದೇನು.)

ಪರೀಕ್ಷೆ ಮಾಡೋದಾದ್ರೆ ಜೊತೆಗಿಟ್ಟುಕೊಳ್ಳೋ ಗುಂಡನ್ನೇ 200 ಹಾರಿಸಿ. ಮ್ಯಾಗಜೀನ್‌ಗಳಿಗೆ ನಂಬರ್ ಬರೀರಿ. ಜಾಮ್ ಪ್ರತಿ ಸಲ 2ನೇದ್ರಲ್ಲೇ ಆದ್ರೆ ತಪ್ಪು ಪಿಸ್ತೂಲಿಂದಲ್ಲ, ಆ ಮ್ಯಾಗಜೀನಿನ ಸ್ಪ್ರಿಂಗಿಂದೋ, ಗುಂಡು ಹಿಡಿದಿಡೋ ಬಾಯಂಚಿನ ಬಾಗಿದ ತುಟಿಯಿಂದೋ. ಒಂದೇ ಕೈಯಲ್ಲೂ, ಎಡಗೈಯಲ್ಲೂ ಹಾರಿಸಿ. ಸ್ಲೈಡನ್ನ ಮತ್ತೆ ಮುಂದಕ್ಕೆ ತಳ್ಳೋ, ಬ್ಯಾರೆಲ್ ಕೆಳಗಿನ ರಿಕಾಯಿಲ್ ಸ್ಪ್ರಿಂಗ್ ಚಿಕ್ಕ ಪಿಸ್ತೂಲಲ್ಲಿ ಬೇಗ ಸೋಲುತ್ತೆ. ಎಷ್ಟು ಗುಂಡಿಗೆ ಬದಲಿಸಬೇಕು ಅಂತ ಮ್ಯಾನ್ಯುಯಲ್‌ನಲ್ಲಿದ್ರೆ, ಅದನ್ನ ಮೀರಬೇಡಿ.

"ಇಷ್ಟೆಲ್ಲ ಯಾಕೆ, ರಿವಾಲ್ವರ್ ತಗೊಳ್ಳಿ, ಕೈಕೊಡಲ್ಲ" ಅನ್ನೋರು ಬಂದೇ ಬರ‍್ತಾರೆ. ಒಪ್ಪಿದೆ, ಸುತ್ತಿಗೆ (ಹ್ಯಾಮರ್) ಒಳಗೇ ಅಡಗಿರೋ 5 ಗುಂಡಿನ ರಿವಾಲ್ವರ್ ಜೇಬಿನೊಳಗಿಂದಲೂ ಹಾರುತ್ತೆ. ಆದರೆ ತೀರಾ ಹಗುರದ್ದಾದ್ರೆ ಒದೆತಕ್ಕೆ ಉಳಿದ ಗುಂಡುಗಳ ಸೀಸ (ಹಾರಿಹೋಗೋ ಮುಂಭಾಗ) ಕೇಸಿಂದ ಮುಂದಕ್ಕೆ ಸರಿದು ಗುಂಡು ತುಂಬಿದ ಸಿಲಿಂಡರ್ ತಿರುಗದೆ ನಿಲ್ಲಬಹುದು. ಖಾಲಿ ಕೇಸ್‌ಗಳನ್ನ ಹೊರದಬ್ಬೋ ಎಕ್ಸ್‌ಟ್ರ್ಯಾಕ್ಟರ್ ನಕ್ಷತ್ರದಡಿ ಉರಿಯದ ಪುಡಿ ಕೂತ್ರೂ ಅದೇ ಗತಿ. ಪಿಸ್ತೂಲಾದ್ರೆ ಮ್ಯಾಗಜೀನ್ ತಳಕ್ಕೊಂದು ಏಟು, ಸ್ಲೈಡ್ ಒಂದು ಸಲ ಎಳೆತ, ಹೆಚ್ಚಿನ ಸಲ ಕೆಲಸ ಮುಗೀತು. ರಿವಾಲ್ವರ್ ಹಿಡ್ಕೊಂಡು ಅಲ್ಲಿ ಸ್ಕ್ರೂಡ್ರೈವರ್ ಹುಡುಕ್ತೀರಾ?

ಇಂಥ ವಿಡಿಯೋಗಳಲ್ಲಿ ಹೆಚ್ಚಾಗಿ ಬರದ ವಿಷಯ ಇನ್ನೊಂದಿದೆ. ದಿನಾ ರಾತ್ರಿ ಗುಂಡು ತೆಗೆದು ಬೆಳಿಗ್ಗೆ ಅದನ್ನೇ ಚೇಂಬರಿಗೆ ಹಾಕ್ತಿದ್ರೆ ಸೀಸ ಕೇಸಿನೊಳಕ್ಕೆ ಕುಸಿಯುತ್ತೆ, ಹಾರಿಸಿದಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ, ಕೂದಲೆಳೆಯಷ್ಟು ಗಿಡ್ಡ ಕಂಡ್ರೂ ಅದನ್ನ ಬೇರೆ ಎತ್ತಿಡಿ, ಹಾರಿಸಬೇಡಿ.