ಕುದುರೆ ಅಂಚೆ ಸರಿ, ಸೈನಿಕರ ಪತ್ರ ಎಲ್ಲಿ?

ಪ್ರಾಚೀನ ಚೀನಾದಲ್ಲಿ ಪತ್ರ ಹೇಗೆ ಸಾಗುತ್ತಿತ್ತು ಅನ್ನೋ ನಿಮ್ಮ ಲೇಖನದಲ್ಲಿ ಕುದುರೆ ಅಂಚೆ, ದಾರಿಯುದ್ದದ ಅಂಚೆ ಠಾಣೆಗಳ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಆದರೆ ಅದು ಸರ್ಕಾರಿ ಪತ್ರಗಳಿಗೆ ಅಲ್ವಾ? ಜನಸಾಮಾನ್ಯರು ಆ ಕಡೆ ಹೋಗುವವರ ಕೈಯಲ್ಲೇ ಕೊಟ್ಟು ಕಳಿಸಬೇಕಿತ್ತು.

ಹುಬೈ ಪ್ರಾಂತ್ಯದ ಷುಯಿಹುದಿಯ ಸಮಾಧಿಯೊಂದರಲ್ಲಿ ಸಿಕ್ಕ ಎರಡು ಮರದ ಹಲಗೆಗಳ ಮಾತನ್ನೂ ಸೇರಿಸಬೇಕಿತ್ತು. ಕ್ರಿ.ಪೂ. 223ರ ಸುಮಾರಿನವು. ಆಗಿನ ಚೀನಾದ ಚಿನ್ ರಾಜ್ಯದ ಸೈನ್ಯದಲ್ಲಿದ್ದ ಹೈಫು, ಜಿಂಗ್ ಎಂಬ ಅಣ್ಣತಮ್ಮಂದಿರು ಮನೆಗೆ ಬರೆದ ಪತ್ರಗಳು. ಯುದ್ಧದ ಸುದ್ದಿ ಕಮ್ಮಿ, ಬಟ್ಟೆ-ದುಡ್ಡಿನ ಮಾತೇ ಜಾಸ್ತಿ! ಊರಲ್ಲಿ ಬಟ್ಟೆ ಅಗ್ಗವಿದ್ದರೆ ಅಮ್ಮ ಬೇಸಿಗೆ ಉಡುಪು ಹೊಲಿದು ದುಡ್ಡಿನ ಜೊತೆ ಕಳಿಸಲಿ, ದುಬಾರಿಯಾದರೆ ಬರೀ ದುಡ್ಡು ಸಾಕು, ಇಲ್ಲೇ ಮಾಡಿಸಿಕೊಳ್ಳುತ್ತೇನೆ ಅನ್ನುತ್ತಾನೆ ಹೈಫು. ಪಕ್ಕಾ ಲೆಕ್ಕಾಚಾರದ ಮನುಷ್ಯ. ಜಿಂಗ್ ಅಷ್ಟು ಸಮಾಧಾನಿಯಲ್ಲ. ಸಾಲ ತಂದ ದುಡ್ಡೂ ಖರ್ಚಾಗಿದೆ, ಕಳಿಸದಿದ್ದರೆ ಸತ್ತೇ ಹೋಗುತ್ತೇನೆ, ಬೇಗ, ಬೇಗ, ಬೇಗ ಅಂತ ಮೂರು ಸಲ ಬರೆದಿದ್ದಾನೆ.