ಆಮದು ವಿರೋಧಿಗಳ ಆಮದು ದೋಟಿ

ವಿದೇಶಿ ಅಡಿಕೆ ಆಮದು ನಿಲ್ಲಿಸಿ ಅಂತ ಶಿವಮೊಗ್ಗದಲ್ಲಿ ಕೂಗಿ, ಗಂಟಲು ಕಟ್ಟಿಸಿಕೊಂಡು, ತೀರ್ಥಹಳ್ಳಿ ಬಸ್ಸಿನಲ್ಲಿ ವಾಪಸ್ ಬರುತ್ತಿದ್ದೆವು. ಮಂಡಗದ್ದೆ ದಾಟುವಾಗ ಹಿಂದಿನ ಸೀಟಿನಿಂದ ಒಂದು ದನಿ ಬಂತು.

"ಹೋಯ್, ನಾವೇ ಸೀದಾ ಚೀನಾದಿಂದ ದೋಟಿ ತರಿಸಿದ್ರೆ ಹೆಂಗೆ?"

ದೋಟಿ ಅಂದರೆ ಮರದ ಮೇಲಿನ ಅಡಿಕೆ ಗೊನೆ ಕೊಯ್ಯುವ ಉದ್ದ ಕೋಲು. ಯಾರಿಗೂ ನಗು ಬರಲಿಲ್ಲ. ನಮ್ಮ ಸಂಘದ ಹೆಸರಲ್ಲೇ 'ಆಮದು ವಿರೋಧಿ' ಅಂತ ಇದೆ. 2022ರಲ್ಲಿ ಭೂತಾನದಿಂದ 17 ಸಾವಿರ ಟನ್ ಹಸಿ ಅಡಿಕೆ ತರಲು ಕೇಂದ್ರ ಒಪ್ಪಿದಾಗ ನಾವು ಊಟ ಬಿಟ್ಟವರು. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ ಕಿಲೋಗೆ 251ರಿಂದ 351 ರೂಪಾಯಿಗೆ ಏರಿದಾಗ ಸಿಹಿ ಹಂಚಿದವರು. 2020ರ ಜೂನ್‌ನಲ್ಲಿ ಸರ್ಕಾರ 59 ಚೀನಾ ಆ್ಯಪ್‌ಗಳನ್ನು ನಿಷೇಧಿಸಿದ ದಿನ ನಮ್ಮ ಕಾರ್ಯದರ್ಶಿ ಎಲ್ಲರೆದುರು ಟಿಕ್‌ಟಾಕ್ ಅಳಿಸಿ ತೋರಿಸಿದ್ದರು. ಯಾವ ದೇಶದ ಫೋನಿನಿಂದ ಅಳಿಸಿದರು ಅಂತ ಕೇಳುವಷ್ಟು ಕೆಟ್ಟವರಲ್ಲ ನಾವು.

"ಅಡಿಕೆ ಬೇರೆ, ದೋಟಿ ಬೇರೆ" ಅಂದರು ಅಧ್ಯಕ್ಷರು. "ಅಡಿಕೆ ಬಂದ್ರೆ ನಮ್ಗೆ ನಷ್ಟ, ದೋಟಿ ಬಂದ್ರೆ ನಷ್ಟ ಅಂಗಡಿಯವನಿಗೆ." ತತ್ವ ಅಲ್ಲಿಗೆ ಇತ್ಯರ್ಥ ಆಯಿತು.

ಈ ದೋಟಿ ಹಳೇ ಬಿದಿರಿನದ್ದಲ್ಲ. ಕಾರ್ಬನ್ ಫೈಬರ್‌ನದ್ದು. ನೆಲದ ಮೇಲೆ ನಿಂತೇ ಗೊನೆ ಕೊಯ್ಯಬಹುದು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯಬಹುದು. ಮರ ಹತ್ತುವ ಕೊನೆಗೌಡರು ಸಿಗುವುದು ಈಗ ಹುಡುಗನಿಗೆ ಹೆಣ್ಣು ಸಿಕ್ಕಿದಷ್ಟೇ ಕಷ್ಟ. ಆದರೆ ಅಂಗಡಿಯಲ್ಲಿ ಒಂದಕ್ಕೆ ಅರವತ್ತು ಸಾವಿರದ ಮೇಲೆ. ಆನ್‌ಲೈನಿನಲ್ಲಿ ಚೀನಾದವಳೊಬ್ಬಳು 180 ಡಾಲರ್ ಅಂದಿದ್ದಳು. ಕನಿಷ್ಠ ಇಪ್ಪತ್ತು ತಗೋಬೇಕು, ಅಷ್ಟೇ. ನಾವು ಹನ್ನೊಂದು ಜನ. ಉಳಿದ ಒಂಬತ್ತನ್ನು ಮಾರಿದರೆ ನಮ್ಮದು ಪುಕ್ಕಟೆ ಅಂತ ಬಸ್ಸಿನಲ್ಲೇ ಲೆಕ್ಕ ಮುಗಿದಿತ್ತು.

ಇಂಗ್ಲಿಷ್ ಬರುತ್ತದೆ ಅನ್ನೋ ತಪ್ಪಿಗೆ ಖರೀದಿ ನನ್ನ ತಲೆಗೆ ಬಂತು. ನಮ್ಮಲ್ಲಿ ಬೆಳಿಗ್ಗೆ ಆರೂವರೆ ಆದರೆ ಅವರಲ್ಲಿ ಒಂಬತ್ತು. ನಾನು ಹಾಲು ಕರೆಯುವ ಹೊತ್ತಿಗೆ ಸರಿಯಾಗಿ ಆಯಮ್ಮನ ಮೆಸೇಜು ಬರುತ್ತಿತ್ತು: ಗುಡ್ ಮಾರ್ನಿಂಗ್ ಡಿಯರ್. ಮೇಷ್ಟ್ರಾಗಿ ನಿವೃತ್ತರಾದ ನಮ್ಮ ಮಾವ ಕನ್ನಡಕ ಏರಿಸಿ ಓದಿದರು. "ಡಿಯರ್ ಅಂದ್ರೆ ದುಬಾರಿ ಅಂತಾನೂ ಅರ್ಥ ಉಂಟು ಮಾರಾಯ. ಪಾಪ, ಅವ್ಳು ಮೊದ್ಲೇ ಹೇಳ್ತಿದ್ದಾಳೆ."

ನಾನು ಕೇಳಲಿಲ್ಲ. ಚೌಕಾಸಿ ಶುರು ಮಾಡಿದೆ. 180 ಅಂದವಳು 150 ಅಂದಳು. ನಾನು 120 ಅಂದೆ. ಒಂದು ನಗುಮುಖ ಕಳಿಸಿ ಓಕೆ ಅಂದಳು. ಸಂತೆಯಲ್ಲಿ ಸೌತೆಕಾಯಿಗೆ ಐದು ರೂಪಾಯಿ ಇಳಿಸಲು ಹತ್ತು ನಿಮಿಷ ಬೇಕು, ಇಲ್ಲಿ 60 ಡಾಲರ್ ಎರಡೇ ಮೆಸೇಜಿಗೆ ಇಳಿಯಿತು. ಅನುಮಾನ ಬರಬೇಕಿತ್ತು. ಹೆಮ್ಮೆ ಬಂತು.

ಶೇಕಡ 30 ಮುಂಗಡ, ಉಳಿದ 70 ಹಡಗು ಹತ್ತಿಸುವ ಮೊದಲು. ಮುಂಗಡ ಕಳಿಸಬೇಕಾದರೆ ಐಇಸಿ ಬೇಕು, ಅಂದರೆ ಆಮದುದಾರ ಅಂತ ಸರ್ಕಾರ ಕೊಡುವ ನಂಬರು. ಅದು ಆನ್‌ಲೈನಿನಲ್ಲಿ 500 ರೂಪಾಯಿಗೆ ಸುಲಭವಾಗಿ ಸಿಕ್ಕಿತು. ನೋಡಿದರೆ ನಮ್ಮ ಪ್ಯಾನ್ ನಂಬರೇ. ನನ್ನ ನಂಬರನ್ನು ನನಗೇ ಕೊಟ್ಟು 500 ತಗೊಂಡರಲ್ಲ ಅಂತ ಖಜಾಂಚಿ ಇವತ್ತಿಗೂ ಗೊಣಗುತ್ತಾರೆ. ಕಷ್ಟ ಆಗಿದ್ದು ಎಡಿ ಕೋಡ್, ಅಂದರೆ ವಿದೇಶಿ ವ್ಯವಹಾರಕ್ಕೆ ಬ್ಯಾಂಕು ಕೊಡುವ ನಂಬರು. ಊರಿನ ಬ್ಯಾಂಕಿನಲ್ಲಿ ಕೇಳಿದರೆ "ಐಡಿ ಕಾರ್ಡಾ? ಆಧಾರ್ ಕೊಡಿ" ಅಂದರು. ಅವರು ಶಿವಮೊಗ್ಗಕ್ಕೆ ಕಳಿಸಿದರು, ಶಿವಮೊಗ್ಗದವರು ಬೆಂಗಳೂರಿಗೆ ಕಳಿಸಿದರು. ನಮ್ಮ ದುಡ್ಡು ಚೀನಾಕ್ಕೆ ಹೋಗುವುದರೊಳಗೆ ನಾನು ಬೆಂಗಳೂರಿಗೆ ಮೂರು ಸಲ ಹೋಗಿ ಬಂದಿದ್ದೆ.

ದುಡ್ಡು ತಲುಪಿದ ಮಾರನೇ ದಿನ ಫ್ಯಾಕ್ಟರಿಗೆ ಬೀಗ. ಚೀನೀಯರ ಹೊಸ ವರ್ಷ. ಕೆಲಸದವರೆಲ್ಲ ಊರಿಗೆ ಹೋಗಿದ್ದಾರೆ, ಹಬ್ಬ ಮುಗಿಸಿ ಬರುತ್ತಾರೆ ಅಂದಳು. ಯಾವಾಗ ಅಂತ ಕೇಳಿದರೆ ಸೂನ್ ಅಂದಳು. ಆ ಒಂದು ಮಾತಿಗೆ ನನಗೆ ಚೀನಾ ನಮ್ಮೂರಿನ ಹಾಗೇ ಕಂಡಿತು. ಜಾತ್ರೆಗೆ ಅಂತ ಹೋದ ಆಳುಗಳನ್ನು ಎಷ್ಟು ವರ್ಷದಿಂದ ಕಾಯುತ್ತಿಲ್ಲ ನಾವು?

ಕೊನೆಗೂ ನಿಂಗ್ಬೋ ಬಂದರಿನಿಂದ ಹಡಗು ಹೊರಟಿತು. ಆಗುಂಬೆ ಘಾಟಿ ಇಳಿದರೆ ನಮಗೆ ಮಂಗಳೂರು ಬಂದರು ಸಿಗುತ್ತದೆ. ಸಾಮಾನು ಹೋಗಿದ್ದು ಚೆನ್ನೈಗೆ. ಸಣ್ಣ ಸರಕಿಗೆ ಅದೇ ಸಲೀಸಂತೆ. ಕಸ್ಟಮ್ಸ್‌ನಿಂದ ಸಾಮಾನು ಬಿಡಿಸಿಕೊಡುವ ಅಲ್ಲಿನ ಕ್ಲಿಯರಿಂಗ್ ಏಜೆಂಟ್ ಫೋನು ಮಾಡಿದ.

"ಸಾರ್, ಎಚ್‌ಎಸ್ ಕೋಡ್ ಯಾವ್ದು ಹಾಕ್ಲಿ?"

ಲೋಕದಲ್ಲಿರುವ ಸಾಮಾನಿಗೆಲ್ಲ ಒಂದೊಂದು ನಂಬರಿದೆ. ನಮ್ಮ ದೇಶದಲ್ಲಿ ಎಂಟು ಅಂಕಿಯದ್ದು. ಸುಂಕ ಎಷ್ಟು ಅಂತ ಅದರ ಮೇಲೆ ಗೊತ್ತಾಗುತ್ತದೆ. ಆದರೆ ದೋಟಿ ಅಂತ ಹುಡುಕಿದರೆ ಅದರಲ್ಲಿ ಸಿಗುವುದಿಲ್ಲ. ದೋಟಿ ಅಂದರೆ ಏನು ಅಂತ ಅವನಿಗೆ ವಿವರಿಸಿದೆ. ಉದ್ದ ಕೋಲು, ಒಂದರೊಳಗೊಂದು ಸೇರುತ್ತದೆ, ತುದಿ ಬಾಗುತ್ತದೆ.

"ಓ, ಮೀನು ಹಿಡಿಯೋದು! ಮೊದಲ ನಾಲ್ಕಂಕಿ 9507."

ನಮ್ಮ ಅಧ್ಯಕ್ಷರು ಜನಿವಾರ ಮುಟ್ಟಿಕೊಂಡರು. ಏಳು ತಲೆಮಾರಿನಲ್ಲಿ ಮೀನಿನ ವಾಸನೆ ನೋಡದ ಮನೆ. ಅವರ ಹೆಸರಿನಲ್ಲಿ ಇಪ್ಪತ್ತು ಗಾಳದ ಕೋಲು ಬಂದರೆ ಹೇಗೆ? ಹಾಗಾದರೆ ಕಾರ್ಬನ್ ಸಾಮಾನು ಅಂತ ಹಾಕೋಣ, 6815 ಅಂದ ಏಜೆಂಟ್. ಸುಂಕದ ಪಟ್ಟಿ ತೆಗೆದು ನೋಡಿದರೆ 68ನೇ ಅಧ್ಯಾಯ ಕಲ್ಲು, ಸಿಮೆಂಟು, ಅಭ್ರಕದ್ದು. ಮತ್ತೊಂದು 8201. ಅದರಲ್ಲಿ ಗುದ್ದಲಿ, ಸನಿಕೆ, ಪಿಕಾಸಿ, ಕತ್ತಿ, ಜೊತೆಗೆ ತೋಟದ ಇತರ ಕೈ ಹತ್ಯಾರ. ಸಂಘದ ತುರ್ತು ಸಭೆ ಕರೆದೆವು. ದೋಟಿ ಗಾಳವೋ, ಕಲ್ಲೋ, ಗುದ್ದಲಿಯೋ? ಮೂರು ಗಂಟೆ ಚರ್ಚೆ, ಎರಡು ಸುತ್ತು ಕಾಫಿ. ಗುದ್ದಲಿಗೆ ಬಹುಮತ ಬಂತು. ಏಜೆಂಟಿಗೆ ಹೇಳಿದರೆ ಅವನು, "ಆಯ್ತು ಸಾರ್, ಆದ್ರೆ ಅದನ್ನ ಒಪ್ಪೋದು ಬಿಡೋದು ಆಫೀಸರು" ಅಂದ.

ಈ ಸಭೆ ನಡೆಸುವಷ್ಟರಲ್ಲಿ ಹಡಗು ಬಂದಾಗಿತ್ತು. ಬಿಲ್ ಆಫ್ ಎಂಟ್ರಿ, ಅಂದರೆ ಏನು ಬಂದಿದೆ ಅಂತ ಕಸ್ಟಮ್ಸ್‌ಗೆ ಕೊಡುವ ಕಾಗದ, ತಡವಾದರೆ ಮೊದಲ ಮೂರು ದಿನ ದಿನಕ್ಕೆ 5 ಸಾವಿರ ದಂಡ, ಆಮೇಲೆ ದಿನಕ್ಕೆ 10 ಸಾವಿರ. ಆಫೀಸರು ಗುದ್ದಲಿ ಅಂತ ಒಪ್ಪಲೂ ಇಲ್ಲ. ಸುಂಕ ದೋಟಿಯ ಬೆಲೆಗೆ ಮಾತ್ರ ಅಲ್ಲ, ಹಡಗಿನ ಬಾಡಿಗೆ ಮತ್ತು ವಿಮೆ ಕೂಡಿಸಿದ ಮೊತ್ತಕ್ಕೆ. ಆ ಸುಂಕದ ಮೇಲೆ ಶೇಕಡ 10 ಸಮಾಜ ಕಲ್ಯಾಣ ಸರ್ಚಾರ್ಜು. ಇದೆಲ್ಲ ಕೂಡಿಸಿದ್ದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ. ಪತ್ರೊಡೆಗೆ ಕೆಸುವಿನ ಎಲೆ ಮೇಲೆ ಎಲೆ ಇಟ್ಟು ಹಿಟ್ಟು ಸವರುತ್ತಾರಲ್ವಾ, ಹಾಗೆ. ಜಿಎಸ್‌ಟಿ ನೋಂದಣಿ ಇದ್ದ ವ್ಯಾಪಾರಿ ಐಜಿಎಸ್‌ಟಿಯನ್ನು ಮುಂದಿನ ಲೆಕ್ಕದಲ್ಲಿ ಕಳೆದುಕೊಳ್ಳುತ್ತಾನೆ. ನಾವು ಬೆಳೆಗಾರರು, ದುಡ್ಡನ್ನೇ ಕಳೆದುಕೊಂಡೆವು.

ಹಡಗಿನ ಬಾಡಿಗೆ ಮಾತ್ರ ಬಹಳ ಅಗ್ಗ. ಅದಕ್ಕೇ ನಾವು ಮೋಸ ಹೋಗಿದ್ದು. ಚೀನಾದಿಂದ ಚೆನ್ನೈವರೆಗೆ ಸಮುದ್ರದ ಮೇಲೆ ತಂದವನು ತಗೊಂಡಿದ್ದಕ್ಕಿಂತ, ಚೆನ್ನೈಯಲ್ಲಿ ಇಳಿಸಿದವನು, ಇಟ್ಟವನು, ಕಾಗದ ಕೊಟ್ಟವನು ತಗೊಂಡಿದ್ದು ಜಾಸ್ತಿ. ಸಾಮಾನು ಬಿಟ್ಟುಕೊಡಿ ಅಂತ ಬರೆದ ಡೆಲಿವರಿ ಆರ್ಡರ್ ಅನ್ನೋ ಒಂದು ಹಾಳೆಗೆ ಕೊಟ್ಟ ದುಡ್ಡಲ್ಲಿ ನಮ್ಮ ಕಡೆ ಒಂದು ಮದುವೆಯ ಆಮಂತ್ರಣ ಪೂರ್ತಿ ಅಚ್ಚಾಗುತ್ತದೆ, ಬಂಗಾರದ ಗಣಪತಿ ಸಮೇತ.

ಜೂನ್ ಮಳೆ ಹಿಡಿದ ಮೇಲೆ ದೋಟಿ ಬಂತು. ಅಧ್ಯಕ್ಷರ ಅಂಗಳದಲ್ಲಿ ಪೂಜೆ ಮಾಡಿ ಒಂದನ್ನು ಬಿಚ್ಚಿದೆವು. ಕಪ್ಪು ಬಣ್ಣ, ಚಾಪೆ ನೇಯ್ದ ಹಾಗೆ ಮಿಂಚುವ ವಿನ್ಯಾಸ. ಎಷ್ಟು ಚಂದ! ಒಂದೊಂದೇ ಗಣ್ಣು ಎಳೆಯುತ್ತ ಎತ್ತಿದರೆ ನಲವತ್ತು ಅಡಿ ಆಗುವಷ್ಟರಲ್ಲಿ ತುದಿ ಬಗ್ಗಿ ನಮಸ್ಕಾರ ಮಾಡಿತು. ಬೋರ್ಡೋ ಪೈಪು ಕಟ್ಟಿದ ಮೇಲೆ ಪೂರಾ ಸಾಷ್ಟಾಂಗ. ಮಾವ ಅಡಿಕೆ ಕತ್ತರಿಸುವ ಚೂರಿಯಲ್ಲಿ ಬುಡ ಕೆರೆದರು. ಕಪ್ಪು ಸಿಪ್ಪೆ ಎದ್ದಿತು. ಒಳಗೆ ಬಿಳಿ. ಗ್ಲಾಸ್ ಫೈಬರ್.

ಸಿಟ್ಟಿನಲ್ಲಿ ಮೆಸೇಜು ಹಾಕಿದೆ. ಕಾರ್ಬನ್ ಎಲ್ಲಿ?

ಆಯಮ್ಮ ಎಂದಿನ ಹಾಗೆ ಬೆಳಿಗ್ಗೆ ಆರೂವರೆಗೆ ಉತ್ತರಿಸಿದಳು. ಡಿಯರ್, 180ಕ್ಕೆ ಕಾರ್ಬನ್. 150ಕ್ಕೆ ಅರ್ಧ ಕಾರ್ಬನ್. ನೀವು 120 ಅಂದಿರಿ. 120ಕ್ಕೆ ಕಾರ್ಬನ್ ಬಣ್ಣ.

ಸುಳ್ಳು ಅಂತ ಹೇಳೋಕೂ ಬಾಯಿ ಬರಲಿಲ್ಲ.

ಇಪ್ಪತ್ತು ದೋಟಿ ಅಧ್ಯಕ್ಷರ ಅಡಿಕೆ ಅಟ್ಟದಲ್ಲಿ ಮಲಗಿದ್ದವು. ಮೊನ್ನೆ ಮತ್ತೆ ಪ್ರತಿಭಟನೆ ಇತ್ತು. ದೊಡ್ಡ ಬ್ಯಾನರು, 'ವಿದೇಶಿ ಮಾಲು ಬೇಡವೇ ಬೇಡ' ಅಂತ. ಹಿಡಿಯಲು ಉದ್ದ ಕೋಲು ಬೇಕಿತ್ತು. ಕಾರ್ಯದರ್ಶಿ ಅಟ್ಟ ಹತ್ತಿದರು. ಇಪ್ಪತ್ತಡಿ ಮಾತ್ರ ಎಳೆದರೆ ನೆಟ್ಟಗೆ ನಿಲ್ಲುತ್ತದೆ, ಹಗುರ ಬೇರೆ. ಶಿವಮೊಗ್ಗದಲ್ಲಿ ಬ್ಯಾನರು ಬಿಸಿಲಿಗೆ ಚೆನ್ನಾಗಿ ಬಿಚ್ಚಿಕೊಂಡಿತು. ಸಾಗರ ಕಡೆಯಿಂದ ಬಂದಿದ್ದ ಒಬ್ಬರು ಘೋಷಣೆ ನಡುವೆಯೇ ನನ್ನ ಹತ್ತಿರ ಸರಿದು, ಕೋಲನ್ನು ಬೆರಳಿನಿಂದ ತಟ್ಟಿ ನೋಡಿ, ಮೆಲ್ಲಗೆ ಕೇಳಿದರು.

"ಎಲ್ಲಿಂದ ತರಿಸಿದ್ದು ಮಾರಾಯ್ರೇ? ನೂರು ತಗೊಂಡ್ರೆ ರೇಟು ಇಳೀಬಹುದೇನೋ?"