ಕಾಡಲ್ಲಿ ದಾರಿ ಕೇಳುವ ಹಾಗಿಲ್ಲ

ಈ ಆಟದ ನಿಯಮಗಳಲ್ಲಿ ನನಗೆ ತೀರಾ ಅನ್ಯಾಯ ಅನ್ನಿಸಿದ್ದು ಒಂದೇ. ಯಾರನ್ನೂ ದಾರಿ ಕೇಳುವ ಹಾಗಿಲ್ಲ.

ಮೌಂಟನ್ ಬೈಕ್ ಓರಿಯೆಂಟೀರಿಂಗ್ ಅಂತ ಇದರ ಹೆಸರು. ಸೈಕಲ್ ಹತ್ತಿಸಿ, ಕೈಗೊಂದು ಮ್ಯಾಪ್ ಕೊಟ್ಟು, ಕಾಡೊಳಗೆ ಬಿಟ್ಟುಬಿಡುತ್ತಾರೆ. ಒಳಗೆ ಅಲ್ಲಲ್ಲಿ ಕಿತ್ತಳೆ ಮತ್ತು ಬಿಳಿ ಬಣ್ಣದ, ಒಂದಡಿ ಅಗಲದ ಬಟ್ಟೆ ನೇತು ಹಾಕಿರುತ್ತಾರೆ. ಅದಕ್ಕೆ ಕಂಟ್ರೋಲ್ ಅಂತಾರೆ. ಮ್ಯಾಪಿನಲ್ಲಿ ಅದರ ಜಾಗಕ್ಕೆ ನೇರಳೆ ಬಣ್ಣದ ಸುತ್ತು, ಪಕ್ಕದಲ್ಲಿ ನಂಬರು. ಆ ನಂಬರಿನ ಕ್ರಮದಲ್ಲೇ ಒಂದೊಂದಾಗಿ ಹುಡುಕಬೇಕು. ಯಾವ ದಾರಿಯಲ್ಲಿ ಹೋಗ್ತೀರಿ ಅನ್ನೋದು ನಿಮ್ಮಿಷ್ಟ. ಆದರೆ ಫೋನ್ ತೆಗೆದು ನೋಡಬಾರದು, ಜಿಪಿಎಸ್ ನೋಡಬಾರದು, ಎದುರಿಗೆ ಬಂದವರನ್ನು ಕೇಳಬಾರದು.

ನಾವು ಕೋಲಾರದ ಕಡೆಯವರು ದಾರಿ ಕೇಳಿಕೊಂಡೇ ಬೆಳೆದವರು. ಟೀ ಅಂಗಡಿ ಮುಂದೆ ಗಾಡಿ ನಿಲ್ಲಿಸಿ "ಅಣ್ಣಾ, ಮಾಸ್ತಿ ರೋಡ್ ಯಾವ ಕಡೆ?" ಅಂದರೆ ಮೂರು ಜನ ಮೂರು ಕಡೆ ಕೈ ತೋರಿಸ್ತಾರೆ, ನಾಲ್ಕನೆಯವನು ಬಂದು ಅವರನ್ನೆಲ್ಲ ಬೈದು ಸರಿಯಾದ ದಾರಿ ಹೇಳ್ತಾನೆ. ಈ ವ್ಯವಸ್ಥೆಯ ಮೇಲೆ ನನಗೆ ಪೂರ್ತಿ ನಂಬಿಕೆ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ, ಹಾಗೆ ಬದುಕಿದವನು ನಾನು. ಅಂಥವನನ್ನು ಆಫೀಸಿನ ಗೆಳೆಯ ಒಬ್ಬ "ಬಾರಯ್ಯಾ, ಸುಮ್ನೆ ಒಂದು ರೌಂಡ್" ಅಂತ ಕರೆದ. ನಾನು ಹೆಸರು ಕೊಟ್ಟು ಶುಲ್ಕ ಕಟ್ಟಿ ಬಂದೆ.

"ಏನ್ರೀ, ಕಳೆದುಹೋಗೋಕೆ ದುಡ್ಡು ಬೇರೆ ಕಟ್ಟಿದ್ದೀರಾ?" ಅಂದಳು ಹೆಂಡತಿ. ಅವಳ ಪ್ರಶ್ನೆಗಳಿಗೆ ಉತ್ತರ ಕೊಡೋ ಅಭ್ಯಾಸ ನನಗಿಲ್ಲ. ಇದ್ದರೂ ಈ ಪ್ರಶ್ನೆಗೆ ಉತ್ತರ ಇರಲಿಲ್ಲ.

ಸ್ಪರ್ಧೆ ಇದ್ದದ್ದು ಆಸ್ಟ್ರೇಲಿಯಾದ ಕ್ರೆಸ್ವಿಕ್ ಕಾಡಿನಲ್ಲಿ. ಮೆಲ್ಬರ್ನ್‌ನಿಂದ ಬಲ್ಲರಟ್ ಊರು ಸುಮಾರು 110 ಕಿಲೋಮೀಟರ್, ಅಲ್ಲಿಂದ ಉತ್ತರಕ್ಕೆ ಇನ್ನೊಂದು 18. ಈ ಆಟಕ್ಕೆ ಈ ಪ್ರದೇಶ ಅಂದರೆ ದೊಡ್ಡ ಹೆಸರು. ವಿಶ್ವ ಚಾಂಪಿಯನ್‌ಷಿಪ್ ಮೊದಲು ನಡೆದದ್ದು 2002ರಲ್ಲಿ ಫ್ರಾನ್ಸಿನಲ್ಲಿ, ಅದರ ಮುಂದಿನದು 2004ರಲ್ಲಿ ಇದೇ ಬಲ್ಲರಟ್‌ನಲ್ಲಿ. 1851ರಲ್ಲಿ ಇಲ್ಲಿ ಚಿನ್ನ ಸಿಕ್ಕಿತು, ಲೋಕದ ಜನರೆಲ್ಲ ಬಂದು ಕಂಡಕಂಡಲ್ಲಿ ಅಗೆದರು, ಚಿನ್ನ ಮುಗಿದ ಮೇಲೆ ಗುಂಡಿಗಳನ್ನು ಹಾಗೇ ಬಿಟ್ಟು ಹೋದರು. ಆ ಗುಂಡಿಗಳ ನಡುವೆ ನೂರೆಂಟು ಕಾಲುದಾರಿ, ಗಾಡಿದಾರಿ. ಕೆ.ಜಿ.ಎಫ್. ಪಕ್ಕದಲ್ಲಿ ಬೆಳೆದವನಿಗೆ ಚಿನ್ನದ ಗುಂಡಿಯೇನು ಹೊಸದಲ್ಲ, ಆದರೆ ಅದರ ಅಂಚಿನಲ್ಲಿ ಸೈಕಲ್ ಓಡಿಸು ಅಂತ ನಮ್ಮೂರಲ್ಲಿ ಯಾರೂ ಹೇಳಿರಲಿಲ್ಲ.

ಸೆಪ್ಟೆಂಬರ್ ತಿಂಗಳು, ಇಲ್ಲಿ ವಸಂತ. ಸ್ಟಾರ್ಟಿನಲ್ಲಿ ನಿಂತವರ ಹೆಲ್ಮೆಟ್‌ಗಳ ಮೇಲೆ ಪ್ಲಾಸ್ಟಿಕ್ ಕೇಬಲ್ ಟೈಗಳು ಮುಳ್ಳಿನ ಹಾಗೆ ಎದ್ದು ನಿಂತಿದ್ದವು. ಇದೇನು ಫ್ಯಾಷನ್ನು ಅಂದುಕೊಂಡೆ. ಮ್ಯಾಗ್‌ಪೈ ಅನ್ನೋ ಹಕ್ಕಿ ಮರಿ ಮಾಡುವ ಕಾಲವಂತೆ, ಸೈಕಲ್ಲಿನವರನ್ನು ಕಂಡರೆ ಹಿಂದಿನಿಂದ ಬಂದು ತಲೆಗೆ ಕುಕ್ಕುತ್ತದಂತೆ, ಅದಕ್ಕೇ ಈ ಮುಳ್ಳು. ಹೆಲ್ಮೆಟ್ ಹಾಕದೆ ಸೈಕಲ್ ಹತ್ತಬಾರದು ಅಂತ ಈ ವಿಕ್ಟೋರಿಯಾ ರಾಜ್ಯ 1990ರಲ್ಲೇ ಕಾನೂನು ಮಾಡಿತ್ತು, ಲೋಕದಲ್ಲೇ ಮೊದಲು. ಹಕ್ಕಿಗೆ ಹೆದರಿ ಮಾಡಿರಬೇಕು ಅನ್ನೋದು ನನ್ನ ಗುಮಾನಿ.

ಹ್ಯಾಂಡಲ್ ಮೇಲೆ ತಿರುಗುವ ಬೋರ್ಡ್ ಒಂದನ್ನು ಗೆಳೆಯ ಕಟ್ಟಿಕೊಟ್ಟಿದ್ದ. ಅದರಲ್ಲಿ ಮ್ಯಾಪ್ ಸಿಕ್ಕಿಸಿ, ನೀವು ತಿರುಗಿದಂತೆಲ್ಲ ಅದನ್ನೂ ತಿರುಗಿಸಬೇಕು. ಮ್ಯಾಪಿನಲ್ಲಿ ದಾರಿಗಳಿಗೆ ಜಾತಿ ಇದೆ. ದಪ್ಪ ಗೆರೆ ಅಂದರೆ ಅಗಲ ದಾರಿ, ಸಣ್ಣ ಗೆರೆ ಅಂದರೆ ಕಾಲುದಾರಿ. ಗೆರೆ ಎಲ್ಲೂ ಕಡಿಯದೆ ಇದ್ದರೆ ಜೋರಾಗಿ ಹೋಗಬಹುದು. ತುಂಡು ತುಂಡಾದಷ್ಟೂ ನಿಧಾನ. ಬರೀ ಚುಕ್ಕಿಗಳಾಗಿದ್ದರೆ ಮ್ಯಾಪ್ ಮಾಡಿದವನೇ ಕೈಮುಗಿದಿದ್ದಾನೆ ಅಂತ ಅರ್ಥ.

ಕೈಗೆ ಒಂದು ಎಲೆಕ್ಟ್ರಾನಿಕ್ ಚಿಪ್ ಕಟ್ಟುತ್ತಾರೆ. ಕಂಟ್ರೋಲ್ ಹತ್ತಿರ ಅದನ್ನು ತಂದರೆ ಸಾಕು, ಮಿಂಚಿ ಪೀಪೀ ಅನ್ನುತ್ತದೆ. ಒಂದು, ಎರಡು, ಮೂರು ಕಂಟ್ರೋಲ್ ಸಲೀಸಾಗಿ ಸಿಕ್ಕವು. ನಾನೇನೂ ಹುಡುಕಲಿಲ್ಲ ಬಿಡಿ, ಎಲ್ಲರೂ ಆ ಕಡೆಯೇ ಹೋಗುತ್ತಿದ್ದರು. ಆಮೇಲೆ ಜನ ಚದುರಿದರು. ನಾನು ಮತ್ತು ಮರಗಳು ಉಳಿದೆವು.

ಮರ ಅಂದರೆ ನೀಲಗಿರಿ. ನಮ್ಮ ಜಿಲ್ಲೆಯ ಅಂತರ್ಜಲ ಕುಡಿದ ಆರೋಪ ಹೊತ್ತು, ಇನ್ನು ನೆಡಲೇಬಾರದು ಅಂತ 2017ರಲ್ಲಿ ಕರ್ನಾಟಕ ಸರ್ಕಾರದ ಕೈಲಿ ಹೇಳಿಸಿಕೊಂಡ ಅದೇ ಮರ. ಟಿಪ್ಪು ಕಾಲದಲ್ಲಿ ನಂದಿಬೆಟ್ಟಕ್ಕೆ ಬೀಜ ತರಿಸಿದ್ದರು ಅಂತಾರೆ, ಆ ಬೀಜದ ತವರು ಈ ಆಸ್ಟ್ರೇಲಿಯಾ. ನೆಂಟರ ಮನೆಗೆ ಬಂದಂತಾಯ್ತು ಅಂದುಕೊಂಡರೆ, ಎಡಕ್ಕೆ ನೋಡಿದರೂ ಅದೇ ಮರ, ಬಲಕ್ಕೆ ನೋಡಿದರೂ ಅದೇ ಮರ. ಐದು ದಾರಿ ಕೂಡುವ ಒಂದು ಜಾಗದಲ್ಲಿ ನಿಂತೆ. ಉತ್ತರ ಯಾವುದು?

ಜೇಬಿನಲ್ಲಿ ಅಪ್ಪನ ಕಾಲದ ಕಂಪಾಸ್ ಇತ್ತು. ಎನ್‌ಸಿಸಿಯಲ್ಲಿದ್ದಾಗ ಅವರು ಬಳಸಿದ್ದು, ಊರಿಂದ ಜೋಪಾನವಾಗಿ ತಂದದ್ದು. ಅದರ ಸೂಜಿ ಒಂದು ಕಡೆ ವಾಲಿ, ತಳಕ್ಕೆ ತಾಗಿ, ಅಲ್ಲೇ ಕೂತುಬಿಟ್ಟಿತ್ತು. ತಟ್ಟಿದೆ. ಸ್ವಲ್ಪ ಅಲ್ಲಾಡಿ ಮತ್ತೆ ಕೂತಿತು. ಆಮೇಲೆ ಗೊತ್ತಾಯ್ತು, ಭೂಮಿಯ ಕಾಂತಶಕ್ತಿ ನಮ್ಮ ಕಡೆ ಹೆಚ್ಚುಕಡಿಮೆ ನೆಲಕ್ಕೆ ಸಮವಾಗಿರುತ್ತದೆ, ಮೆಲ್ಬರ್ನ್ ಕಡೆ ಕಡಿದಾಗಿ ಓರೆಯಾಗಿರುತ್ತದೆ. ನಮ್ಮ ಕಡೆಗೆ ತೂಗಿಸಿ ಮಾಡಿದ ಸೂಜಿಯ ದಕ್ಷಿಣದ ತುದಿ ಇಲ್ಲಿ ತಗ್ಗಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಕಂಪಾಸ್ ಮಾಡುವವರು ಭೂಮಿಯ ಒಂದೊಂದು ಭಾಗಕ್ಕೆ ಒಂದೊಂದು ಥರ ಮಾಡ್ತಾರಂತೆ. ಅಪ್ಪನ ಕಂಪಾಸಿಗೆ ವೀಸಾ ಇರಲಿಲ್ಲ.

ಸರಿ, ಸೂರ್ಯ ಇದ್ದಾನಲ್ಲ. ಬಿಸಿಲು ನೋಡಿ ದಿಕ್ಕು ಹಿಡಿಯೋದು ತಾತ ಹೊಲದಲ್ಲಿ ಕಲಿಸಿದ ವಿದ್ಯೆ. ನಮ್ಮೂರಲ್ಲಿ ವರ್ಷದ ಬಹುಪಾಲು ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಮಧ್ಯಾಹ್ನವಾಗಿತ್ತು, ಸೂರ್ಯನಿಗೆ ಬೆನ್ನು ಹಾಕಿ ಉತ್ತರಕ್ಕೆ ಅಂತ ಹೊರಟೆ. ಇಳಿಜಾರು ಬೇರೆ, ಗಾಳಿ ಬೇರೆ, ಆಹಾ. ಎಷ್ಟೋ ಹೊತ್ತಾದ ಮೇಲೆ ಒಂದು ಕೆರೆ ಸಿಕ್ಕಿತು. ಮ್ಯಾಪಿನಲ್ಲಿ ಆ ಕೆರೆ ನನ್ನ ಹಿಂದೆ ಇರಬೇಕಿತ್ತು. ಇಲ್ಲಿ ಮಧ್ಯಾಹ್ನದ ಸೂರ್ಯ ವರ್ಷಪೂರ್ತಿ ಉತ್ತರಕ್ಕೇ ಇರ್ತಾನೆ! ತಾತನ ವಿದ್ಯೆ ಸರಿಯಾಗೇ ಇತ್ತು, ಭೂಮಿಯ ಅರ್ಧ ಬದಲಾಗಿತ್ತು ಅಷ್ಟೆ.

ಕೆರೆ ದಂಡೆಯಲ್ಲಿ ಮ್ಯಾಪನ್ನು ಗರಗರ ತಿರುಗಿಸುತ್ತಾ ನಿಂತಿದ್ದಾಗ ಎಪ್ಪತ್ತು ದಾಟಿರಬಹುದಾದ ಅಜ್ಜಿ ಒಬ್ಬರು ಸೈಕಲ್ಲಿನಲ್ಲಿ ಬಂದರು. ಈ ಆಟದಲ್ಲಿ ವಯಸ್ಸಿಗೆ ತಕ್ಕ ವರ್ಗಗಳಿವೆ, ಅಜ್ಜಿಯರಿಗೂ ಒಂದು. "ಯೂ ರೈಟ್, ಮೇಟ್?" ಅಂದರು. ನನಗೆ ಎಂಥಾ ಇಕ್ಕಟ್ಟು ನೋಡಿ. ಪೆಟ್ಟಾಗಿದೆ ಅಂದರೆ ಅವರು ಆಟ ಬಿಟ್ಟು ಸಹಾಯ ಮಾಡಲೇಬೇಕು, ಅದು ನಿಯಮ. ದಾರಿ ತಪ್ಪಿದೆ ಅಂದರೆ ಹೇಳಿಕೊಡುವ ಹಾಗಿಲ್ಲ, ಅದೂ ನಿಯಮ. ಮೊಣಕಾಲಲ್ಲಿ ಒಂದು ಚಿಕ್ಕ ಗೀರು ಇತ್ತು. ಅದನ್ನೇ ಸ್ವಲ್ಪ ದೊಡ್ಡದು ಮಾಡಿ ಹೇಳೋಣವಾ ಅಂತ ಒಂದು ಕ್ಷಣ ಯೋಚಿಸಿದೆ. ಅಷ್ಟರಲ್ಲಿ ಬಾಯಿ ತಾನಾಗೇ "ಆಲ್ ಗುಡ್" ಅಂದುಬಿಟ್ಟಿತು. "ಲವ್ಲಿ ಡೇ" ಅಂತ ಹೇಳಿ ಅಜ್ಜಿ ಏರು ಹತ್ತಿ ಮಾಯವಾದರು. ಅವರ ಹಿಂದೆಯೇ ಹೋಗೋಣ ಅಂತ ಮನಸ್ಸೇನೋ ಇತ್ತು. ಕಾಲಿಗೆ ಇರಲಿಲ್ಲ.

ಹೇಗೋ ಆರನೇ ಕಂಟ್ರೋಲ್ ತನಕ ಬಂದೆ. ಅಲ್ಲಿಂದ ಏಳಕ್ಕೆ ಎರಡು ದಾರಿ. ದಪ್ಪ ಗೆರೆಯಲ್ಲಿ ಸುತ್ತಿ ಹೋದರೆ ಎರಡು ಕಿಲೋಮೀಟರ್ ಮೇಲೆ, ಚುಕ್ಕಿ ದಾರಿಯಲ್ಲಿ 600 ಮೀಟರ್. ಬೆಂಗಳೂರಿನಲ್ಲಿ ಹತ್ತು ವರ್ಷ ಗಾಡಿ ಓಡಿಸಿದವನು ಯಾವುದಕ್ಕೆ ನುಗ್ತಾನೆ ಅಂತ ಹೇಳಬೇಕಾ? ಆ 600 ಮೀಟರ್‌ನಲ್ಲಿ ಎರಡು ಹಳ್ಳ, ಅಡ್ಡ ಬಿದ್ದ ನಾಲ್ಕು ಮರ. ದಾರಿ ಬಿಟ್ಟು ಪಕ್ಕಕ್ಕೆ ಇಳಿಯುವ ಹಾಗಿಲ್ಲ, ಸೈಕಲ್ ಬಿಟ್ಟು ನಡೆಯುವ ಹಾಗೂ ಇಲ್ಲ. ನಾನು ಸೈಕಲ್ ಮೇಲೆ ಇದ್ದದ್ದಕ್ಕಿಂತ ಸೈಕಲ್ ನನ್ನ ಮೇಲೆ ಇದ್ದದ್ದೇ ಜಾಸ್ತಿ.

ಕೊನೆಯ ಮರ ದಾಟಿ ಹತ್ತಿ ತುಳಿದೆ ನೋಡಿ, ಕಟ್ ಅಂತ ಶಬ್ದ. ನೀಲಗಿರಿಯ ಬುಡದಲ್ಲಿ ಯಾವಾಗಲೂ ಸಿಪ್ಪೆ, ಕಡ್ಡಿ ಉದುರಿರುತ್ತದಲ್ಲ, ಬೆರಳು ಗಾತ್ರದ ಒಂದು ಕಡ್ಡಿ ಚೈನಿನ ಜೊತೆ ಒಳಗೆ ಹೋಗಿ, ಹಿಂದಿನ ಗೇರ್ ಬದಲಿಸೋ ಡಿರೇಲರನ್ನು ಹಿಡಿದು ಎಳೆದಿತ್ತು. ಅದು ಚಕ್ರದ ಕಡ್ಡಿಗಳ ಕಡೆಗೆ ಸೊಟ್ಟಗಾಗಿ ನಿಂತಿತ್ತು. ಸಿಪ್ಪೆಯ ನಾರು ಹಲ್ಲುಗಳ ಸಂದಿಯಲ್ಲಿ ಸುತ್ತಿಕೊಂಡಿತ್ತು. ಮಂಡಿಯೂರಿ ಕೂತು ಉಗುರಿನಿಂದ ಒಂದೊಂದೇ ಎಳೆದು ತೆಗೆಯುತ್ತಿದ್ದೆ. ತಲೆಯೆತ್ತಿದರೆ ಹತ್ತು ಮೀಟರ್ ಆಚೆ ಕಾಂಗರೂ ಒಂದು ಕೈ ಕಟ್ಟಿಕೊಂಡು ನಿಂತು ನೋಡುತ್ತಿತ್ತು. ಅದನ್ನು ದಾರಿ ಕೇಳಬಾರದು ಅಂತ ನಿಯಮದಲ್ಲಿ ಬರೆದಿರಲಿಲ್ಲ. ಕನ್ನಡದಲ್ಲೇ ಕೇಳಿದೆ. ಎರಡು ನೆಗೆತಕ್ಕೆ ಪೊದೆ ಸೇರಿತು. ಅದು ಹೋದ ಕಡೆಗೇ ಹೋಗಿ ನೋಡಿದರೆ ತಿರುವಿನಲ್ಲಿ ಏಳನೇ ಕಂಟ್ರೋಲ್ ನೇತಾಡುತ್ತಿತ್ತು. ಇದನ್ನು ಹೊರಗಿನ ಸಹಾಯ ಅಂತ ಲೆಕ್ಕ ಹಾಕ್ತಾರೋ ಏನೋ, ನಾನಂತೂ ಬಾಯಿ ಬಿಡಲಿಲ್ಲ.

ಗೇರ್ ಒಂದೇ ಉಳಿದಿತ್ತು, ಅದರಲ್ಲೇ ತುಳಿದುಕೊಂಡು ತಳ್ಳಿಕೊಂಡು ಬಂದು ಮುಟ್ಟುವಾಗ ಬ್ಯಾನರ್ ಬಿಚ್ಚುತ್ತಿದ್ದರು. ಚಿಪ್ ವಾಪಸ್ ಕೊಡದಿದ್ದರೆ ಕಾಡಲ್ಲಿ ಯಾರೋ ಉಳಿದಿದ್ದಾರೆ ಅಂತ ಹುಡುಕಲು ಹೊರಡ್ತಾರೆ. ನನ್ನನ್ನು ಹುಡುಕಲು ಇಬ್ಬರು ಆಗಲೇ ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು, ನನ್ನನ್ನು ಕಂಡು ಸಂತೋಷಪಟ್ಟು ಬಿಚ್ಚಿದರು. ಒಂದು ಕಂಟ್ರೋಲಿನಿಂದ ಇನ್ನೊಂದಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ಬಿಲ್ಲಿನಂಥ ಚೀಟಿ ಮುದ್ರಿಸಿ ಕೊಟ್ಟರು. ಮೂರರಿಂದ ನಾಲ್ಕಕ್ಕೆ ನಾನು ತೆಗೆದುಕೊಂಡ ಹೊತ್ತಿನಲ್ಲಿ ಅಜ್ಜಿ ಪೂರ್ತಿ ಕೋರ್ಸ್ ಮುಗಿಸಿದ್ದರು.

ಆಮೇಲೆ ಊಟ. ಬ್ರೆಡ್ಡಿನಲ್ಲಿ ಸಾಸೇಜ್ ಇಟ್ಟು ಕೊಡುವುದು ಇಲ್ಲಿನ ಪದ್ಧತಿ. ನಾನು ಸಸ್ಯಾಹಾರಿ ಅಂದೆ. ಸಾಸೇಜ್ ತೆಗೆದು ಬರೀ ಹುರಿದ ಈರುಳ್ಳಿ ಹಾಕಿ ಕೊಟ್ಟರು. ಆ ಹಸಿವಿಗೆ ಅದೇ ಮದುವೆ ಊಟ.

ರಾತ್ರಿ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಫೋಟೋ ತೋರಿಸಿದೆ. ಮಗನ ಮೊಣಕಾಲು, ಕೆಸರು, ಸೊಟ್ಟ ಡಿರೇಲರ್, ಯಾವುದೂ ಅವಳ ಕಣ್ಣಿಗೆ ಬೀಳಲಿಲ್ಲ.

"ಹಿಂದೆ ಇರೋದು ನೀಲಗಿರಿ ಅಲ್ವೇನೋ?"

"ಹೌದಮ್ಮ."

"ಅದಕ್ಕೆ ವಿಮಾನ ಹತ್ತಿ ಅಷ್ಟು ದೂರ ಹೋಗಬೇಕಿತ್ತಾ? ಮಾಲೂರಿನ ತೋಪಲ್ಲೇ ಸುತ್ತಬಹುದಿತ್ತಲ್ಲೋ. ಕಳೆದುಹೋದ್ರೆ ದನ ಮೇಯಿಸೋರು ಯಾರಾದ್ರೂ ಮನೆ ತನಕ ತಂದು ಬಿಡೋರು."